ಡಯಾಲಿಸಿಸ್‌ಗೆ ಮುಂಚೆ ಒಂದು ಎಕೋ, ಆದಮೇಲೆ ಇನ್ನೊಂದು

ರಾಯಚೂರಿಗೆ ಬಂದ ಹೊಸತರಲ್ಲಿ ಒಬ್ಬರೇ ರೋಗಿಗೆ ಒಂದೇ ವಾರದಲ್ಲಿ ಎರಡು ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಬರೆದಿದ್ದೆ. ಒಂದರಲ್ಲಿ ಹೃದಯದ ಎಡ ಮೇಲ್ಕೋಣೆ ಸೋತಿದೆ, ಇನ್ನೊಂದರಲ್ಲಿ ಪರವಾಗಿಲ್ಲ. ಕಿಡ್ನಿ ಡಾಕ್ಟರ್ ಎರಡನ್ನೂ ಮುಂದಿಟ್ಟು "ಯಾವುದು ನಿಜ?" ಅಂದರು. ಒಂದು ಡಯಾಲಿಸಿಸ್‌ಗೆ ಮುಂಚಿನದು, ಇನ್ನೊಂದು ಆದಮೇಲಿನದು. ಅದನ್ನೇ ನಾನು ಬರೆದಿರಲಿಲ್ಲ.

ಆ ರೋಗಿ ಮಾನ್ವಿ ಕಡೆಯ ಹಿರಿಯರು. ಹಳೇ ಬಿಪಿ, ಕೆಳಗಿನ ಕೋಣೆಯ ಗೋಡೆ ದಪ್ಪಗಾಗಿ ಬಿರುಸಾಗಿತ್ತು. ಮುಂದಿನ ಸಲ ಬಂದಾಗ ಒಂದೇ ದಿನ ಎರಡು ಸಲ ನೋಡಿದೆ, ಸೂಜಿ ಚುಚ್ಚುವ ಮುಂಚೆ ಮತ್ತು ಎರಡೂವರೆ ಲೀಟರ್ ನೀರು ತೆಗೆದ ಮೇಲೆ. "ಮತ್ತ ಜೆಲ್ ಹಚ್ತೀರೇನ್ರಿ ಸಾಹೇಬ್ರ?" ಅಂತ ನಕ್ಕು ಮಲಗಿದರು.

ಇಸಿಜಿಯಲ್ಲಿ ಪಿ ಅಲೆ (ಮೇಲ್ಕೋಣೆ ಹಿಂಡುವ ಮುನ್ನ ಬರುವ ವಿದ್ಯುತ್ ಅಲೆ) ಶುರುವಾಗುವಾಗ ಮೇಲ್ಕೋಣೆಯಲ್ಲಿ ಎಷ್ಟು ರಕ್ತ ಇದೆ, ಹಿಂಡಿದ ಮೇಲೆ ಎಷ್ಟು ಉಳಿಯಿತು, ಇಷ್ಟೇ ಅಳತೆ. ಡಯಾಲಿಸಿಸ್‌ಗೆ ಮುಂಚೆ 70 ಮಿಲಿಲೀಟರ್ ಇದ್ದದ್ದು 50ಕ್ಕೆ ಇಳಿಯಿತು. ಡಯಾಲಿಸಿಸ್ ಆದಮೇಲೆ 52 ಇದ್ದದ್ದು 34ಕ್ಕೆ. ಹೊರಹಾಕಿದ್ದು 20ರಿಂದ 18ಕ್ಕೆ ಕಡಿಮೆಯಾಯಿತು ಅಲ್ವಾ? ಆದರೆ ಇದ್ದದ್ದರಲ್ಲಿ ಪಾಲು ನೋಡಿದರೆ 29 ಪರ್ಸೆಂಟ್ ಹೋಗಿ 35 ಆಗಿತ್ತು.

ಮೇಲ್ಕೋಣೆ ತುಂಬಿ ಹಿಗ್ಗಿದಷ್ಟೂ ಜೋರಾಗಿ ಹಿಂಡುತ್ತದೆ, ಒಂದು ಮಿತಿಯವರೆಗೆ. ಈ ಫ್ರಾಂಕ್-ಸ್ಟಾರ್ಲಿಂಗ್ ನಿಯಮ ಕೆಳಗಿನ ಕೋಣೆಗೆ ಮಾತ್ರ ಅಂತ ಸುಮ್ನೆ ಓದಿಕೊಂಡು ಬಂದವರಲ್ಲಿ ನಾನೂ ಒಬ್ಬ. ಆದರೆ ಮೇಲ್ಕೋಣೆ ಹಿಂಡುವುದು ಒಂದು ಒತ್ತಡದ ಎದುರಿಗೆ. ಕೈಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಅಲ್ಲ ಅದು, ಕೆಳಗಿನ ಕೋಣೆ ತುಂಬಿ ಮುಗಿಯುವ ಹೊತ್ತಿಗೆ ಅದರೊಳಗೆ ಇರುವ ಒತ್ತಡ. ಅದು ಜಾಸ್ತಿ ಇದ್ದರೆ ತುಂಬಿದ ಚೀಲಕ್ಕೆ ಇನ್ನೊಂದು ಸೇರು ಭತ್ತ ತುರುಕಿದ ಹಾಗೆ, ಒಂದಿಷ್ಟು ಹೊರಗೇ ಚೆಲ್ಲುತ್ತದೆ. ಇಲ್ಲಿ ಚೆಲ್ಲುವುದು ಹಿಂದಕ್ಕೆ, ಶ್ವಾಸಕೋಶದಿಂದ ಬರುವ ರಕ್ತನಾಳಗಳಿಗೆ, ಯಾಕೆಂದರೆ ಅವುಗಳ ಬಾಯಲ್ಲಿ ಕವಾಟವೇ ಇಲ್ಲ. ಡಯಾಲಿಸಿಸ್‌ಗೆ ಮುಂಚೆ ಡಾಪ್ಲರ್‌ನಲ್ಲಿ (ಎಕೋದಲ್ಲೇ ರಕ್ತದ ಹರಿವು ನೋಡುವ ಭಾಗ) ಈ ಹಿಂದಕ್ಕೆ ಹೋಗುವ ಅಲೆ, ಮೇಲ್ಕೋಣೆ ಹಿಂಡಿದಾಗ ಕೆಳಗಿನ ಕೋಣೆಗೆ ಮುಂದಕ್ಕೆ ಹೋಗುವ ಎ ಅಲೆಗಿಂತ 30 ಮಿಲಿಸೆಕೆಂಡಿಗೂ ಜಾಸ್ತಿ ಹೊತ್ತು ಇತ್ತು. ಕೆಳಗೆ ಒತ್ತಡ ಏರಿದೆ ಅನ್ನುವುದಕ್ಕೆ ಅದೇ ಗುರುತು. ಅಂದರೆ ಆ 20ರಲ್ಲೂ ಒಂದಿಷ್ಟು ವಾಪಸ್ ಹೋಗಿತ್ತು. ನೀರು ತೆಗೆದ ಮೇಲೆ ಆ ವ್ಯತ್ಯಾಸ ಕಾಣಲಿಲ್ಲ.

ಈಗ ರಿಪೋರ್ಟಿನ ಮೊದಲ ಸಾಲಲ್ಲೇ ಡಯಾಲಿಸಿಸ್ ಯಾವಾಗ ಆಯ್ತು, ತೂಕ ಎಷ್ಟು, ಬಿಪಿ ಎಷ್ಟು ಅಂತ ಬರೆಯುತ್ತೇನೆ. ಬೇಸಿಗೆಯಲ್ಲಿ ಹೊಲದಿಂದ ನೇರವಾಗಿ ಬಂದವರಿಗೆ "ನೀರು ಕುಡಿದ್ರೇನ್ರಿ?" ಅಂತಲೂ ಕೇಳುತ್ತೇನೆ. ಅನುಮಾನ ಬಂದರೆ, ಕಾಲಿನ ರಕ್ತ ಹೃದಯಕ್ಕೆ ಬರಲಿ ಅಂತ ಕಾಲು ಎತ್ತಿ ಹಿಡಿಸಿ, ಎ ಅಲೆ ಏರುತ್ತದೋ ಕುಗ್ಗುತ್ತದೋ ಅಂತ ಇನ್ನೊಮ್ಮೆ ನೋಡುತ್ತೇನೆ.