ಸಕ್ಕರೆ ಹೊದ್ದ ನ್ಯಾನೋಕಣ: ಕದಡಿದ್ದೆಲ್ಲ ಅಂಟಿದ್ದಲ್ಲ

ಧಾರವಾಡ, ಬೆಳಗಾವಿ ಕಡೆಯಿಂದ ಎಂಎಸ್ಸಿ ಮುಗಿಸಿ ಪುಣೆಯ ಪಾಷಾಣ್ ಬಡಾವಣೆಯ ಲ್ಯಾಬುಗಳಿಗೆ ಬರುವವರು ಒಂದು ಪ್ರಯೋಗದ ಬಗ್ಗೆ ಕೇಳುತ್ತಲೇ ಇರುತ್ತಾರೆ: ಸಕ್ಕರೆ ಹೊದ್ದ ಕಣಗಳಿಗೆ ಸಕ್ಕರೆ ಹಿಡಿಯುವ ಪ್ರೋಟೀನು ಹಾಕಿದಾಗ ದ್ರಾವಣ ಕದಡುತ್ತದೆ; ಅದು ನಿಜಕ್ಕೂ ಸಕ್ಕರೆಗೆ ಅಂಟಿದ್ದರಿಂದಲೇ ಎಂದು ತಿಳಿಯುವುದು ಹೇಗೆ? ನಾನು ಮಾಡುವ ಕ್ರಮ ಹೀಗಿದೆ.

ಕಣ ಕಟ್ಟುವ ಅಣುವಿನ ಒಂದು ತುದಿಗೆ ನೀರಿಗೊಗ್ಗದ ಕೊಬ್ಬಿನ ಬಾಲ, ಇನ್ನೊಂದಕ್ಕೆ ಆಲ್ಫಾ ಮ್ಯಾನೋಸ್ ಎಂಬ ಸಕ್ಕರೆ. ನೀರಿಗೆ ಬಿದ್ದರೆ ಬಾಲಗಳು ಒಳಗೆ ಸೇರಿಕೊಂಡು ಸಕ್ಕರೆ ಹೊರಮೈಗೆ ಬರುತ್ತದೆ. ಪ್ರೋಟೀನು ಕಾನ್‌ಕೆನವಾಲಿನ್-ಎ, ಜ್ಯಾಕ್ ಬೀನ್ ಕಾಳಿನ ಲೆಕ್ಟಿನ್ (ಸಕ್ಕರೆ ಹಿಡಿಯುವ ಪ್ರೋಟೀನು). ಪಿಎಚ್ 7ರ ಮೇಲೆ ನಾಲ್ಕು ಘಟಕ ಒಟ್ಟಿಗಿರುತ್ತವೆ, ಒಂದೊಂದಕ್ಕೂ ಒಂದೊಂದು ಸಕ್ಕರೆ ಹಿಡಿಯುವ ಜಾಗ. ಬಿಡಿ ಮ್ಯಾನೋಸನ್ನು ಅದು ಸಡಿಲವಾಗಿ ಹಿಡಿಯುತ್ತದೆ. ಒತ್ತೊತ್ತಾಗಿ ಸಿಕ್ಕರೆ ಬಿಗಿಯಾಗಿ.

ಮೊದಲು ಅಣುವಿನ ರಚನೆ ತೋರಿಸುವ ಎನ್‌ಎಂಆರ್ ರೋಹಿತ ನೋಡಿ. 2.0–2.2 ಪಿಪಿಎಂ ಬಳಿ ಚೂಪಾದ ಸಿಂಗ್ಲೆಟ್ (ಒಂಟಿ ಗೆರೆ) ಉಳಿದಿದ್ದರೆ, ತಯಾರಿಕೆಯಲ್ಲಿ ಸಕ್ಕರೆಗೆ ಹೊದಿಸಿದ್ದ ಅಸಿಟೈಲ್ ಗುಂಪು ಪೂರ್ತಿ ಹೋಗಿಲ್ಲ. ಅಂಥ ಸಕ್ಕರೆಯನ್ನು ಲೆಕ್ಟಿನ್ ಮೂಸಿಯೂ ನೋಡದು. ಇಲ್ಲಿಯ ಮಳೆಗಾಲದಲ್ಲಿ ಪುಡಿ ತೇವ ಹೀರಿ ಅಂಟಂಟಾಗುತ್ತದೆ, ತೂಕ ಸುಳ್ಳು ಹೇಳುತ್ತದೆ. ತೇವ ತಡೆಯುವ ಡೆಸಿಕೇಟರಿನಿಂದ ತೆಗೆದ ಕೂಡಲೇ ತೂಗಿ.

ಬಫರ್ (ಪಿಎಚ್ ಕಾಯುವ ದ್ರಾವಣ): 10 ಮಿಲಿಮೋಲಾರ್ ಹೆಪಿಸ್, 150 ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮ್ಯಾಂಗನೀಸ್ ಕ್ಲೋರೈಡ್ ತಲಾ 1, ಪಿಎಚ್ 7.4. ಈ ಎರಡು ಲೋಹ ಇಲ್ಲದೆ ಲೆಕ್ಟಿನ್ ಸಕ್ಕರೆ ಹಿಡಿಯುವುದಿಲ್ಲ. ಕೈಗೆ ಸಿಕ್ಕಿತೆಂದು ಪಿಬಿಎಸ್ (ಫಾಸ್ಫೇಟ್ ಬಫರ್) ಬಳಸಬೇಡಿ, ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕೂರುತ್ತದೆ. ಪಿಎಚ್ ಹೊಂದಿಸಿದ ಮೇಲೆಯೇ ಲೋಹ ಹಾಕಿ. ಕ್ಷಾರ ಹೆಚ್ಚಾದರೆ ಮ್ಯಾಂಗನೀಸ್ ಕಂದುಬಣ್ಣಕ್ಕೆ ತಿರುಗುತ್ತದೆ. ಕೊನೆಗೆ 0.22 ಮೈಕ್ರಾನ್ ಫಿಲ್ಟರ್.

ಆ ಪುಡಿಯನ್ನು ಎಥನಾಲಿನಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಕರಗಿಸಿ, 100 ಮೈಕ್ರೋಲೀಟರನ್ನು 2 ಮಿಲಿಲೀಟರ್ ಬಫರಿಗೆ ಒಗ್ಗರಣೆ ಸುರಿದಂತೆ ಒಮ್ಮೆಗೇ ಹಾಕಿ, ತಕ್ಷಣ 5 ಸೆಕೆಂಡ್ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ. ಹನಿಹನಿಯಾಗಿ ಬಿಟ್ಟರೆ ಕಣಗಳ ಗಾತ್ರ ಚೆಲ್ಲಾಪಿಲ್ಲಿ. ರಾತ್ರಿಯಿಡೀ ಡಯಾಲಿಸಿಸ್ ಮಾಡಿ ಎಥನಾಲ್ ತೆಗೆದು, ಬೆಳಕು ಚದುರಿಸಿ ಕಣದ ಗಾತ್ರ ಅಳೆಯುವ ಡಿಎಲ್‌ಎಸ್ ನೋಡಿ. ಗಾತ್ರ ಎಷ್ಟು ಚದುರಿದೆ ಎಂದು ಹೇಳುವ ಪಿಡಿಐ 0.2 ದಾಟಿದರೆ ನಾನು ಮುಂದೆ ಹೋಗುವುದಿಲ್ಲ.

ಲೆಕ್ಟಿನನ್ನು ವೋರ್ಟೆಕ್ಸ್ ಮಾಡಲೇಬಾರದು, ನೊರೆಯಾಗಿ ಕೆಡುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. 280 ನ್ಯಾನೋಮೀಟರ್ ಬೆಳಕಿನಲ್ಲಿ ಹೀರಿಕೆಯ ಓದು (ಅಬ್ಸಾರ್ಬೆನ್ಸ್) 1.37 ಬಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ.

ಈಗ ಕ್ಯುವೆಟ್, ಅಂದರೆ ಬೆಳಕು ಹಾಯಿಸಿ ಓದುವ ಪುಟ್ಟ ಪಾರದರ್ಶಕ ಕೊಳವೆ. ಮಿಲಿಲೀಟರಿಗೆ 0.1 ಮಿಲಿಗ್ರಾಂ ಇರುವ ಕಣದ್ರಾವಣ 900 ಮೈಕ್ರೋಲೀಟರ್, ಅದಕ್ಕೆ ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುವ ಲೆಕ್ಟಿನ್ 100 ಮೈಕ್ರೋಲೀಟರ್. 450 ನ್ಯಾನೋಮೀಟರಿನಲ್ಲಿ ಹತ್ತು ನಿಮಿಷ ಓದಿ. ಗೆರೆ ಏರುತ್ತಾ ಹೋಗಿ ದ್ರಾವಣ ಹಾಲಿನ ಬಣ್ಣಕ್ಕೆ ಬರುತ್ತದೆ, ನೋಡಲು ಚೆಂದವೇ. ಆದರೆ ಉಪ್ಪಿಗೆ, ಕೆಟ್ಟ ಪ್ರೋಟೀನಿಗೆ, ಉಳಿದ ಎಥನಾಲಿಗೂ ಅದು ಹಾಗೇ ಕದಡೀತು. ಆದ್ದರಿಂದ ಲೆಕ್ಟಿನಿಗಾಗಿ ಕಣದ ಜೊತೆ ಪೈಪೋಟಿ ಮಾಡುವ ಬಿಡಿ ಸಕ್ಕರೆ, 1 ಮೋಲಾರ್ ಮೀಥೈಲ್ ಆಲ್ಫಾ ಮ್ಯಾನೋಸೈಡ್ 50 ಮೈಕ್ರೋಲೀಟರ್ ಹಾಕಿ. ಸಕ್ಕರೆಯಿಂದಲೇ ಅಂಟಿದ್ದರೆ ತಿಳಿಯಾಗತೊಡಗುತ್ತದೆ. ಬರೀ ಸೇರಿಸಿದ ದ್ರಾವಣದಿಂದಲೇ ಓದು ಶೇ. 5ರಷ್ಟು ಇಳಿಯುತ್ತದೆ, ಅದನ್ನೇ ಫಲಿತಾಂಶ ಎನ್ನಬೇಡಿ. ಬರೀ ಬಫರ್ 50 ಹಾಕಿದ ಇನ್ನೊಂದು ಕ್ಯುವೆಟ್ ಪಕ್ಕದಲ್ಲಿರಲಿ. ಅದೇ ಬಾಲಕ್ಕೆ ಗ್ಯಾಲಕ್ಟೋಸ್ (ಈ ಲೆಕ್ಟಿನ್ ಹಿಡಿಯದ ಸಕ್ಕರೆ) ಕಟ್ಟಿದ ಕಣವನ್ನೂ ಇಡಿ, ಅದು ಕದಡಕೂಡದು.

ಲೆಕ್ಟಿನ್ ಹೆಚ್ಚಿಸಿದಷ್ಟೂ ಕದಡು ಹೆಚ್ಚುತ್ತದೆ ಎಂದುಕೊಂಡರೆ ಅದೂ ತಪ್ಪು. ತೀರಾ ಹೆಚ್ಚಾದರೆ ಪ್ರತಿ ಕಣದ ಮೈಯೂ ಲೆಕ್ಟಿನಿನಿಂದ ತುಂಬಿಹೋಗಿ, ಎರಡು ಕಣಗಳ ನಡುವೆ ಸೇತುವಾಗಲು ಸಕ್ಕರೆಯೇ ಉಳಿಯುವುದಿಲ್ಲ. ಕನಿಷ್ಠ ಐದು ಸಾಂದ್ರತೆ ಹಿಡಿದು ನೋಡಿ.

ಇನ್ನು, ಲೆಕ್ಟಿನಿನ ಬಫರ್ ಬದಲಿಸಲು ಸೆಫಡೆಕ್ಸ್ ಕಾಲಮ್ ಬೇಡವೇ ಬೇಡ. ಸೆಫಡೆಕ್ಸ್ ಅಂದರೆ ಡೆಕ್ಸ್‌ಟ್ರಾನ್, ಆಲ್ಫಾ ಗ್ಲೂಕೋಸಿನ ಸರಪಳಿ. ಲೆಕ್ಟಿನ್ ಅದಕ್ಕೇ ಕಚ್ಚಿಕೊಂಡು ಕಾಲಮ್ಮಿನಲ್ಲೇ ಉಳಿದುಬಿಡುತ್ತದೆ.