ಹೊಸ ಲ್ಯಾಪ್‌ಟಾಪ್ ವಾಪಸ್ ಮಾಡಿದ ಕಥೆ: ಕೆಲಸಕ್ಕೆ ಬಂದದ್ದು ಒಂದು ಜಾಬ್ ಶೀಟ್

ಪೂರ್ತಿ ಸತ್ತ ಲ್ಯಾಪ್‌ಟಾಪ್ ಮನೆಗೆ ಬಂದರೆ ವಾಪಸ್ ಮಾಡುವುದು ಸುಲಭ. ಆನ್ ಆಗುತ್ತಿಲ್ಲ ಎಂದರೆ ಯಾರು ತಾನೇ ವಾದ ಮಾಡುತ್ತಾರೆ? ಕಷ್ಟ ಇರುವುದು ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ದೋಷದಲ್ಲಿ. ಸೇಲ್ ಸಮಯದಲ್ಲಿ ನಾನು ಆನ್‌ಲೈನ್‌ನಲ್ಲಿ ಕೊಂಡ ಲ್ಯಾಪ್‌ಟಾಪಿನದ್ದು ಅದೇ ಜಾತಿ. ಮುಚ್ಚಳವನ್ನು ಒಂದು ಹದಕ್ಕಿಂತ ಹಿಂದಕ್ಕೆ ಬಾಗಿಸಿದರೆ ಪರದೆ ಥಟ್ಟನೆ ಕಪ್ಪಾಗಿ ಮತ್ತೆ ಬರುತ್ತಿತ್ತು. ಬರುವಾಗ ಒಂದೊಂದು ಸಲ ಬಲಗಡೆ ಹಸಿರು ಗೆರೆಗಳನ್ನೂ ಜೊತೆಗೆ ತರುತ್ತಿತ್ತು. ನೆಟ್ಟಗೆ ಇಟ್ಟರೆ ಇಡೀ ದಿನ ಏನೂ ಇಲ್ಲ.

ಆ್ಯಪ್‌ನಲ್ಲಿ ಲ್ಯಾಪ್‌ಟಾಪಿನ ಕೆಳಗೆ ‘7 ದಿನ, ಬದಲಿ ಮಾತ್ರ’ ಎಂದಿತ್ತು. ಕೋರಿಕೆ ಹಾಕಿದೆ. ಅವರ ಕಡೆಯಿಂದ ಒಬ್ಬ ಹುಡುಗ ಬಂದ. ಒಂದು ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿದ. ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ ಪರದೆ ಅವನೆದುರು ಮಿಟುಕಲೂ ಇಲ್ಲ. ನಾನು ಮುಚ್ಚಳ ಬಾಗಿಸಿ ತೋರಿಸಿದಾಗ ಒಂದು ಸಲ ಕಪ್ಪಾಯಿತು. ಆದರೆ ಅವನ ಮೊಬೈಲ್ ಫಾರ್ಮ್‌ನಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. "ಡ್ರೈವರ್ ಅಪ್‌ಡೇಟ್ ಮಾಡಿ ಸರ್, ಸರಿ ಹೋಗುತ್ತೆ" ಎಂದು ಹೊರಟ. ಸಂಜೆ ಮೆಸೇಜ್ ಬಂತು: ದೋಷ ಕಂಡುಬಂದಿಲ್ಲ, ಕೋರಿಕೆ ಮುಕ್ತಾಯ. ಮತ್ತೆ ಫೋನ್ ಮಾಡುತ್ತಾ ಕೂರುವಷ್ಟರಲ್ಲಿ ಅವರ 7 ದಿನ ಮುಗಿದಿತ್ತು. ಅಲ್ಲಿಂದ ಮುಂದೆ ಕಸ್ಟಮರ್ ಕೇರ್‌ನವರದ್ದು ಒಂದೇ ಪಾಠ: "ಈಗ ಅದು ವಾರಂಟಿ ವಿಷಯ, ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೋಗಿ."

ಹೆಚ್ಚಿನವರು ಸೋಲುವುದು ಇಲ್ಲೇ. ವಾರಂಟಿ ಇದೆಯಲ್ಲ, ರಿಪೇರಿ ಆಗುತ್ತದೆ, ಬಿಡು ಎಂದುಕೊಳ್ಳುತ್ತಾರೆ. ಆದರೆ ವಾರಂಟಿ ಎನ್ನುವುದು ತಯಾರಿಸಿದ ಕಂಪನಿ ಕೊಡುವ ಮಾತು. ಅದರಲ್ಲಿ ಸಾಮಾನ್ಯವಾಗಿ ರಿಪೇರಿಯೇ ಮೊದಲು. ಹೊಸದಕ್ಕೆ ಸಮ ಎನ್ನುವ ಬಳಸಿದ ಬಿಡಿಭಾಗ ಹಾಕಬಹುದು ಎಂದು ಹಲವು ಕಂಪನಿಗಳ ಷರತ್ತಿನಲ್ಲೇ ಇರುತ್ತದೆ. ನನಗೆ ಮಾರಿದವನ ಹೊಣೆ ಬೇರೆ, ಅದು ಕಾನೂನಿನಿಂದ ಬಂದದ್ದು. ಒಂದು ಇದೆ ಎಂದ ಮಾತ್ರಕ್ಕೆ ಇನ್ನೊಂದು ಹೋಗುವುದಿಲ್ಲ.

ಕಾನೂನು ಅಂದೆನಲ್ಲ, ಓದಿ ನೋಡಿದರೆ ಅಷ್ಟೇನೂ ಕಷ್ಟದ್ದಲ್ಲ. ಈಗ ನಡೆಯುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳದೆ, ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ ಹಣ ಕೊಡದಿದ್ದರೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಕೊಡದಿದ್ದರೆ, ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಆ ಕಾಯ್ದೆ ಕರೆಯುತ್ತದೆ. ನನ್ನ ಬಿಲ್‌ನಲ್ಲಿ ಯಾವ ಅವಧಿಯೂ ಇರಲಿಲ್ಲ. 7 ದಿನ ಎಂದಿದ್ದು ಆ್ಯಪ್‌ನ ಪುಟದಲ್ಲಿ ಮಾತ್ರ. ಇದರ ಜೊತೆ ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳು ಇವೆ. ವಸ್ತು ದೋಷವುಳ್ಳದ್ದಾಗಿದ್ದರೆ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಮಾರಾಟಗಾರ ಅದನ್ನು ವಾಪಸ್ ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ ಎಂದು 6ನೇ ನಿಯಮ ಹೇಳುತ್ತದೆ. ಅಲ್ಲಿ 7 ದಿನ, 10 ದಿನ ಎಂಬ ಲೆಕ್ಕವೇ ಇಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಬಣ್ಣ ಇಷ್ಟವಾಗಲಿಲ್ಲ, ಪಕ್ಕದವರಿಗೆ ಕಡಿಮೆ ಬೆಲೆಗೆ ಸಿಕ್ಕಿತು ಎಂದೆಲ್ಲಾ ವಾಪಸ್ ಮಾಡುವ ಹಕ್ಕು ನಮ್ಮ ದೇಶದಲ್ಲಿ ಇಲ್ಲ. ಅದು ಅಂಗಡಿಯವರ ಪಾಲಿಸಿಗೆ ಬಿಟ್ಟದ್ದು. ಈ ಎರಡನ್ನೂ ಬೆರೆಸಿ ಮಾತಾಡಿದರೆ ನಮ್ಮ ದೂರೇ ತೆಳುವಾಗುತ್ತದೆ. ಹಾಗಾಗಿ ನನ್ನ ಯಾವ ಮೇಲ್‌ನಲ್ಲೂ ‘ತೃಪ್ತಿ ಇಲ್ಲ’, ‘ಬೇಸರವಾಗಿದೆ’ ಎಂದು ಬರೆಯಲಿಲ್ಲ. ದೋಷ ಏನು, ಯಾವಾಗ ಕಾಣುತ್ತದೆ, ಇಷ್ಟೇ.

ಹಾಗಾದರೆ ದೋಷ ಇದೆ ಎಂದು ತೋರಿಸುವುದು ಹೇಗೆ? ಮೊದಲು ಆ ಹುಡುಗ ಹೇಳಿದ ಡ್ರೈವರ್ (ಪರದೆಯಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಮಾತನ್ನು ಮುಗಿಸಬೇಕಿತ್ತು. ಲ್ಯಾಪ್‌ಟಾಪ್ ಆನ್ ಮಾಡುವಾಗಲೇ ಬಯಾಸ್ ಸೆಟ್ಟಿಂಗ್ ಪುಟಕ್ಕೆ ಹೋದೆ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ, ಅದರ ಡ್ರೈವರ್‌ಗೆ ಕೆಲಸವೂ ಇಲ್ಲ. ಮುಚ್ಚಳ ಬಾಗಿಸಿದೆ. ಪರದೆ ಕಪ್ಪಾಯಿತು. ಆಮೇಲೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿದೆ. ಲ್ಯಾಪ್‌ಟಾಪಿನ ಪರದೆ ಕಪ್ಪಾದಾಗಲೂ ಟಿವಿಯಲ್ಲಿ ಚಿತ್ರ ಅಲುಗಲಿಲ್ಲ. ಅಂದರೆ ಗ್ರಾಫಿಕ್ಸ್ ಚಿಪ್ ಸರಿ ಇದೆ. ತೊಂದರೆ ಇರುವುದು ಪರದೆಯಲ್ಲಿ ಅಥವಾ ಕೀಲಿನ ಒಳಗಿಂದ ಹಾದು ಹೋಗುವ ಡಿಸ್‌ಪ್ಲೇ ಕೇಬಲ್‌ನಲ್ಲಿ. ಈ ಎರಡನ್ನೂ ವಿಡಿಯೊ ಮಾಡಿದೆ. ಲ್ಯಾಪ್‌ಟಾಪ್ ತಿರುಗಿಸಿ ಅಡಿಯ ಸೀರಿಯಲ್ ನಂಬರ್, ಪಕ್ಕದಲ್ಲಿ ಡಬ್ಬದ ಮೇಲಿನ ನಂಬರ್, ಬಿಲ್‌ನಲ್ಲಿದ್ದ ನಂಬರ್, ಮೂರನ್ನೂ ತೋರಿಸಿ, ಕ್ಯಾಮೆರಾ ನಿಲ್ಲಿಸದೆ ಪರದೆಗೆ ಬಂದೆ. ನಡುವೆ ಕಟ್ ಮಾಡಿದ ವಿಡಿಯೊ ಬೇರೆ ಯಾವುದೋ ಲ್ಯಾಪ್‌ಟಾಪಿನದ್ದು ಎನ್ನಲು ಅವಕಾಶ ಕೊಡುತ್ತದೆ.

ವಿಡಿಯೊ ನನ್ನ ಸಾಕ್ಷಿ. ಆದರೆ ತಯಾರಿಸಿದ ಕಂಪನಿಯೇ ಒಪ್ಪಿ ಬರೆದುಕೊಟ್ಟರೆ ಅದರ ತೂಕವೇ ಬೇರೆ. ಅದಕ್ಕೇ ಸರ್ವೀಸ್ ಸೆಂಟರ್‌ಗೆ ಹೋದೆ. ರಿಪೇರಿಗಲ್ಲ, ತಪಾಸಣೆಗೆ.

ಕೌಂಟರ್‌ನಲ್ಲಿದ್ದವರು ಜಾಬ್ ಶೀಟ್, ಅಂದರೆ ದೂರು ಮತ್ತು ತಪಾಸಣೆಯ ವಿವರ ಬರೆಯುವ ಹಾಳೆ, ಟೈಪ್ ಮಾಡಿ, ಪ್ರಿಂಟ್ ತೆಗೆದು ಸಹಿಗೆ ಚಾಚಿದರು. ಸಹಿ ಹಾಕುವ ಮುನ್ನ ಓದಿದೆ. ‘ಗ್ರಾಹಕರ ದೂರು: ಪರದೆ ಕೆಲವೊಮ್ಮೆ ಕಪ್ಪಾಗುತ್ತದೆ’ ಎಂದಿತ್ತು. ಅದರ ಕೆಳಗೆ ‘ಎಂಜಿನಿಯರ್ ಗಮನಿಸಿದ್ದು’ ಎಂಬ ಸಾಲು ಖಾಲಿ. ಸ್ವಲ್ಪ ಪಕ್ಕದಲ್ಲಿ ‘ರಿಪೇರಿಗೆ ಒಪ್ಪಿಗೆ’ ಎಂಬ ಚೌಕದಲ್ಲಿ ಆಗಲೇ ಟಿಕ್ ಬಿದ್ದಿತ್ತು. ಮೊದಲನೆಯದು ನಾನು ಹೇಳಿದ್ದು ಮಾತ್ರ, ಅದರಿಂದ ಏನೂ ಸಾಬೀತಾಗುವುದಿಲ್ಲ. ಬೇಕಾದದ್ದು ಆ ಖಾಲಿ ಸಾಲು. "ಎಂಜಿನಿಯರ್ ನನ್ನೆದುರೇ ನೋಡಲಿ ಸರ್, ಕಂಡದ್ದನ್ನು ಅಲ್ಲಿ ಬರೆಯಲಿ. ರಿಪೇರಿಗೆ ನಾನು ಒಪ್ಪಿಲ್ಲ, ಆ ಟಿಕ್ ತೆಗೆಯಿರಿ" ಎಂದೆ. "ಹಾಗೆಲ್ಲ ಆಗಲ್ಲ ಸರ್, ಬಿಟ್ಟು ಹೋಗಿ, ಫೋನ್ ಮಾಡ್ತೀವಿ" ಎಂದರು. ಜಗಳ ಆಡಲಿಲ್ಲ, ಹೊರಡಲೂ ಇಲ್ಲ. ಕುರ್ಚಿಯಲ್ಲಿ ಕೂತೆ. ಜನ ಕಡಿಮೆಯಾದ ಮೇಲೆ ಎಂಜಿನಿಯರ್ ಅವರೇ ಹೊರಗೆ ಬಂದರು. ಒಳ್ಳೆಯ ಮನುಷ್ಯ. ಬಯಾಸ್ ಪುಟದಲ್ಲಿ ಮುಚ್ಚಳ ಬಾಗಿಸಿ ತೋರಿಸಿದೆ. ಅವರೂ ಬಾಗಿಸಿ ನೋಡಿದರು. ‘ಓ, ಇದು ಕೇಬಲ್’ ಎಂದರು. ಬಾಯಲ್ಲಿ ಹೇಳಿದ್ದನ್ನು ಶೀಟ್‌ನಲ್ಲೂ ಬರೆದರು: ಬಯಾಸ್‌ನಲ್ಲೂ ಪರದೆ ಹೋಗುತ್ತದೆ, ಹೊರಗಿನ ಡಿಸ್‌ಪ್ಲೇ ಸರಿ ಇದೆ, ಡಿಸ್‌ಪ್ಲೇ ಕೇಬಲ್ ಅಥವಾ ಪ್ಯಾನೆಲ್ ಬದಲಿಸಬೇಕು, ಬಿದ್ದ ಗುರುತಾಗಲಿ ನೀರಿನ ಗುರುತಾಗಲಿ ಇಲ್ಲ. ಕೊನೆಯದನ್ನು ನಾನೇ ಕೇಳಿ ಬರೆಸಿದೆ. ಮುಂದೆ ‘ನೀವೇ ಬೀಳಿಸಿದಿರಿ’ ಎನ್ನುವ ಮಾತು ಬಂದೇ ಬರುತ್ತದೆ ಎಂದು ಗೊತ್ತಿತ್ತು. ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಲ್ಯಾಪ್‌ಟಾಪ್ ಮನೆಗೆ ತಂದೆ.

ಹೊಸ ವಸ್ತು ಬಂದಾಗಲೇ ಕೆಟ್ಟಿದ್ದರೆ ಕೆಲವು ಕಂಪನಿಗಳು ಡಿಒಎ ಪತ್ರ ಎಂದು ಕೊಡುತ್ತವೆ. ಡಬ್ಬದಿಂದ ತೆಗೆದಾಗಲೇ ಹಾಳಾಗಿತ್ತು ಎಂದು ಅದರರ್ಥ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನನಗೆ ಅವಧಿ ಮೀರಿದೆ ಎಂದು ಕೊಡಲಿಲ್ಲ. ಜಾಬ್ ಶೀಟೇ ಸಾಕಾಯಿತು.

ಆಮೇಲೆ ಬಿಲ್ ತೆಗೆದು ನೋಡಿದೆ. ನಾವು ಆ್ಯಪ್‌ನ ಹೆಸರು ಹೇಳುತ್ತಾ ಓಡಾಡುತ್ತೇವೆ, ಆದರೆ ಬಿಲ್‌ನಲ್ಲಿ ಮಾರಾಟಗಾರ ಅಂತ ಇರುವುದು ಬೇರೆ ಯಾವುದೋ ಸಂಸ್ಥೆ. ಅದರ ಹೆಸರು, ವಿಳಾಸ ಬರೆದಿಟ್ಟುಕೊಂಡೆ. ಇನ್ನು ಕಸ್ಟಮರ್ ಕೇರ್ ಚಾಟ್‌ನಲ್ಲಿ ಸಮಯ ಕಳೆಯುವುದು ಬಿಟ್ಟುಬಿಟ್ಟೆ. ಪ್ರತಿ ಇ-ಕಾಮರ್ಸ್ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟು, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಹಾಕಬೇಕು ಎಂದು ನಿಯಮವಿದೆ. ಪುಟದ ತೀರಾ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಸಿಕ್ಕಿತು. ಅವರು 48 ಗಂಟೆಯೊಳಗೆ ದೂರು ತಲುಪಿತು ಎಂದು ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರಾಟಗಾರ, ಕುಂದುಕೊರತೆ ಅಧಿಕಾರಿ, ತಯಾರಿಸಿದ ಕಂಪನಿ, ಮೂವರಿಗೂ ಒಂದೇ ಮೇಲ್ ಹಾಕಿದೆ. ಆರ್ಡರ್ ನಂಬರ್, ಸೀರಿಯಲ್ ನಂಬರ್, ಮೊದಲ ಕೋರಿಕೆಯ ತಾರೀಖು, ಜಾಬ್ ಶೀಟ್, ವಿಡಿಯೊ ಕೊಂಡಿ. ಕೊನೆಗೆ ಬೇಡಿಕೆ: ಅದೇ ಮಾದರಿಯ ಹೊಸ ಲ್ಯಾಪ್‌ಟಾಪ್, ಅದಿಲ್ಲದಿದ್ದರೆ ಪೂರ್ತಿ ಹಣ. ಮೊದಲ ಕೋರಿಕೆಯ ತಾರೀಖು ಮುಖ್ಯ. ಅವರ 7 ದಿನದ ಒಳಗೇ ನಾನು ಹೇಳಿದ್ದೆ ಎಂದು ಅದರಿಂದ ಗೊತ್ತಾಗುತ್ತದೆ.

ಉತ್ತರ ಬಂತು. ಆ್ಯಪ್‌ನವರು ‘ನಾವು ಬರೀ ಮಧ್ಯವರ್ತಿ’ ಎಂದರು. ತಯಾರಿಸಿದ ಕಂಪನಿ ‘ಉಚಿತ ರಿಪೇರಿ ಮಾಡಿಕೊಡುತ್ತೇವೆ’ ಎಂದಿತು. ಮಾರಾಟಗಾರನ ಸುದ್ದಿಯೇ ಇಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಂದರೆ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ನಂಬರ್ ಕೊಟ್ಟರು, ಕಾಗದಪತ್ರವನ್ನು ಅವರ ಪೋರ್ಟಲ್‌ನಲ್ಲಿ ಸೇರಿಸಿದೆ. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಅಷ್ಟೇ ಆದರೂ ಕೆಲಸ ನಡೆಯುತ್ತದೆ. ಅಲ್ಲಿಯವರೆಗೆ ಸಿದ್ಧ ಉತ್ತರ ಅಂಟಿಸುತ್ತಿದ್ದ ಆ್ಯಪ್‌ನಿಂದ ಒಬ್ಬ ಮನುಷ್ಯರು ನನಗೆ ಫೋನ್ ಮಾಡಿದರು. ಅವರು ಕೊಟ್ಟ ಸಲಹೆ: ಹಣದ ಬದಲು ಅವರ ವ್ಯಾಲೆಟ್‌ಗೆ ಅಷ್ಟೇ ಮೊತ್ತ. ಕೇಳಲು ಚೆನ್ನಾಗಿದೆ. ಆದರೆ ವ್ಯಾಲೆಟ್ ಹಣಕ್ಕೆ ಗಡುವು ಇರಬಹುದು, ಅಲ್ಲೇ ಖರ್ಚು ಮಾಡಬೇಕು, ಅಲ್ಲದೆ ಒಪ್ಪಿದರೆ ದೂರು ‘ಬಗೆಹರಿದಿದೆ’ ಎಂದು ಮುಚ್ಚುತ್ತದೆ. ಯಾವ ದಾರಿಯಲ್ಲಿ ಕೊಟ್ಟೆನೋ ಅದೇ ದಾರಿಯಲ್ಲಿ ಬರಲಿ ಎಂದೆ. ಫೋನ್‌ನಲ್ಲಿ ಹೇಳಿದ್ದನ್ನೆಲ್ಲ ಅವತ್ತೇ ಮೇಲ್ ಮಾಡಿ ‘ನಾವು ಹೀಗೆ ಮಾತಾಡಿದೆವು’ ಎಂದು ದಾಖಲೆ ಮಾಡಿಟ್ಟೆ.

ಅಷ್ಟೊತ್ತಿಗೆ ಆಯೋಗಕ್ಕೆ ಹೋಗುವ ತಯಾರಿಯೂ ನಡೆದಿತ್ತು. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಎಂದರೆ ಸುಮ್ನೆ ಹೆದರುತ್ತಾರೆ ಜನ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಹಳೆಯ ಕಾಯ್ದೆಯಲ್ಲಿ ಎದುರುದಾರರ ಊರಿನಲ್ಲೋ ವ್ಯವಹಾರ ನಡೆದ ಕಡೆಯೋ ದೂರು ಕೊಡಬೇಕಿತ್ತು. ಈಗ ನಾವು ವಾಸಿಸುವ ಇಲ್ಲವೇ ಕೆಲಸ ಮಾಡುವ ಊರಿನಲ್ಲೇ ಕೊಡಬಹುದು. ಆನ್‌ಲೈನ್ ಖರೀದಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಡುವು 2 ವರ್ಷ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ದೋಷ ಇದೆಯೋ ಇಲ್ಲವೋ ಎಂದು ವಾದ ಬಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ಪರೀಕ್ಷೆ ಬೇಡದ ಪ್ರಕರಣಕ್ಕೆ 3 ತಿಂಗಳು, ಬೇಕಾದದ್ದಕ್ಕೆ 5 ತಿಂಗಳು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಂಪನಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿಸಿದವರಿಗೆ ‘ಇದು ವ್ಯಾಪಾರದ ಖರೀದಿ, ನೀವು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದಾದರೆ ಕಾಯ್ದೆ ಬಿಡುವು ಕೊಟ್ಟಿದೆ, ಆದರೆ ಅದನ್ನು ನಾವು ತೋರಿಸಬೇಕಾಗುತ್ತದೆ.

ದೂರಿನ ಕರಡು ಬರೆದು ಮೂವರನ್ನೂ ಎದುರುದಾರರನ್ನಾಗಿ ಮಾಡಿದೆ. ಯಾರ ಹೊಣೆ ಎಷ್ಟು ಎಂದು ಆಯೋಗ ಹೇಳಲಿ, ಅದನ್ನು ನಾನೇಕೆ ತೀರ್ಮಾನಿಸಬೇಕು? ಆ ಕರಡನ್ನೇ ಒಂದು ನೋಟಿಸ್ ಜೊತೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ 15 ದಿನ ಕೊಟ್ಟೆ. ನೋಟಿಸ್ ಕಡ್ಡಾಯವೇನಲ್ಲ. ಆದರೆ ನನಗೆ ಅದೇ ಫಲ ಕೊಟ್ಟಿತು. ಗಡುವು ಮುಗಿಯುವ ಮೊದಲೇ ಮೇಲ್ ಬಂತು: ಆ ಮಾದರಿ ಈಗ ಇಲ್ಲ, ಪೂರ್ತಿ ಹಣ ವಾಪಸ್, ಪಿಕಪ್ ಬರುತ್ತದೆ.

ಕೊಡುವ ಮೊದಲು ನನ್ನ ಫೈಲ್‌ಗಳನ್ನು ನಕಲು ಮಾಡಿಕೊಂಡು, ಎಲ್ಲ ಖಾತೆಗಳಿಂದ ಲಾಗೌಟ್ ಆಗಿ, ವಿಂಡೋಸ್ ರೀಸೆಟ್‌ನಲ್ಲಿ ‘ಎಲ್ಲವನ್ನೂ ಅಳಿಸು’ ಕೊಟ್ಟು ಡ್ರೈವ್ ಸ್ವಚ್ಛ ಮಾಡಿದೆ. ಪಿಕಪ್‌ಗೆ ಬಂದವರ ಮುಂದೆ ಮತ್ತೊಂದು ವಿಡಿಯೊ: ಸೀರಿಯಲ್ ನಂಬರ್, ಗೀರಿಲ್ಲದ ಮೈ, ಚಾರ್ಜರ್, ಡಬ್ಬ, ಸೀಲ್ ಮಾಡಿದ ಪೊಟ್ಟಣ. ರಸೀದಿ ಕೈಗೆ ಬರುವವರೆಗೆ ಒಟಿಪಿ ಹೇಳಲಿಲ್ಲ.

ಹಣ ಬಂತು, ಆದರೆ ಕಂತಿನಲ್ಲಿ ಕೊಂಡಿದ್ದರಿಂದ ಇಎಂಐ ಬಾಲ ಉಳಿದಿತ್ತು. ‘ನೋ ಕಾಸ್ಟ್’ ಇಎಂಐನಲ್ಲಿ ಅಂಗಡಿಯವರು ಬಡ್ಡಿಯಷ್ಟು ರಿಯಾಯಿತಿ ಕೊಡುತ್ತಾರೆ, ಬ್ಯಾಂಕ್ ಬಡ್ಡಿ ಹಾಕುತ್ತದೆ, ಆ ಬಡ್ಡಿಯ ಮೇಲೆ ಜಿಎಸ್‌ಟಿ ನಮ್ಮದು. ಹಣ ವಾಪಸ್ ಬಂದರೂ ಬ್ಯಾಂಕಿನ ಸಾಲ ತಾನಾಗಿ ಮುಚ್ಚಲಿಲ್ಲ. ನಾನೇ ಬ್ಯಾಂಕಿಗೆ ಬರೆದು ಮುಚ್ಚಿಸಿದೆ. ಪ್ರೊಸೆಸಿಂಗ್ ಶುಲ್ಕವನ್ನು ಬ್ಯಾಂಕ್ ಕೊಡುವುದಿಲ್ಲ ಎಂದಿತು. ಆ ಮೊತ್ತ, ಕಟ್ಟಿದ ಬಡ್ಡಿ, ಅದರ ಜಿಎಸ್‌ಟಿ, ಮೂರನ್ನೂ ಲೆಕ್ಕ ಹಾಕಿ ಸ್ಟೇಟ್‌ಮೆಂಟ್ ಸಮೇತ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಬಡ್ಡಿ ಮತ್ತು ಜಿಎಸ್‌ಟಿ ಕೊಟ್ಟರು. ಪ್ರೊಸೆಸಿಂಗ್ ಶುಲ್ಕ ಬರಲಿಲ್ಲ. ಅಷ್ಟಕ್ಕಾಗಿ ಮತ್ತೆ ಅಲೆಯುವುದು ಬೇಡ ಎಂದು ಬಿಟ್ಟೆ.