ಮುಕ್ತ ತಂತ್ರಾಂಶವನ್ನು ಬಳಕೆದಾರರಿಗೆ ತಲುಪಿಸುವ ಬಗೆ

ನಿಮ್ಮ ಮುಕ್ತ ತಂತ್ರಾಂಶವನ್ನು ನಾಲ್ಕು ಜನ ಬಳಸಬೇಕಾದರೆ ಮೊದಲು ಅದನ್ನು ಪರಿಚಯಿಸುವ ರೀಡ್‌ಮಿ ಕಡತವನ್ನು ತಿದ್ದಿ: ತಂತ್ರಾಂಶ ಯಾವ ಕೆಲಸ ಮಾಡುತ್ತದೆ ಎಂಬುದು ಮೊದಲ ಎರಡು ಸಾಲಿನಲ್ಲಿರಲಿ, ಅದರ ಕೆಳಗೆ ಹಾಗೆಯೇ ನಕಲಿಸಿ ಓಡಿಸಬಹುದಾದ ಇನ್‌ಸ್ಟಾಲ್ ಕಮಾಂಡ್ ಇರಲಿ, ಆ ಕಮಾಂಡನ್ನು ಹೊಸ ಕಂಪ್ಯೂಟರೊಂದರಲ್ಲಿ ನೀವೇ ಒಮ್ಮೆ ಪರೀಕ್ಷಿಸಿ. ಪರವಾನಗಿಯ ಕಡತವನ್ನು ಮರೆಯಬೇಡಿ. ಅದಿಲ್ಲದ ಕೋಡ್ ಎಲ್ಲರಿಗೂ ಕಾಣುವಂತಿದ್ದರೂ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿಯುವುದರಿಂದ ಎಚ್ಚರದ ಕಂಪನಿಗಳು ಅದನ್ನು ಮುಟ್ಟುವುದಿಲ್ಲ. ದೋಷದ ವರದಿ ಬಂದಾಗ, ತಿದ್ದಲು ಸಮಯವಿಲ್ಲದಿದ್ದರೂ, ಬೇಗನೆ ಉತ್ತರಿಸಿ.

ಆದರೆ ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಮೆಚ್ಚುಗೆಗೆ ಒತ್ತುವ ಸ್ಟಾರ್‌ಗಳನ್ನು ಎಣಿಸುತ್ತ ಕೂರುವುದು, ನನ್ನ ಮಟ್ಟಿಗೆ, ವ್ಯರ್ಥ. ಗುಂಡಿ ಒತ್ತಿದವರಲ್ಲಿ ಎಷ್ಟೋ ಮಂದಿ ತಂತ್ರಾಂಶವನ್ನು ಇಳಿಸಿಕೊಂಡೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಕೋಡನ್ನು ನೋಡಿಕೊಳ್ಳಲು ಇನ್ನೊಬ್ಬರಿರುವುದು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಬಹುತೇಕ ವಿತರಣೆಗಳಲ್ಲಿರುವ, ಕಡತಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಅನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನಿರ್ವಹಿಸುತ್ತಿದ್ದರು. ನೆರವಿನ ನೆಪದಲ್ಲಿ ಬಂದು ವಿಶ್ವಾಸ ಗಳಿಸಿದ ಅಪರಿಚಿತರೊಬ್ಬರು ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಇಟ್ಟದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು, ಅದೂ ದೂರದ ಕಂಪ್ಯೂಟರನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಒಬ್ಬ ಎಂಜಿನಿಯರ್ ಗಮನಿಸಿದ್ದರಿಂದ. ಆದ್ದರಿಂದ ಪ್ರಚಾರಕ್ಕೆ ಇಳಿಯುವ ಮುನ್ನ ಕೋಡ್ ಪರಿಶೀಲಿಸಬಲ್ಲ ಎರಡನೆಯವರೊಬ್ಬರನ್ನು ಹುಡುಕಿಕೊಳ್ಳಿ. ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಮಾತ್ರ ಅವರಿಗೆ ಕೊಡಲು ಆತುರಪಡಬೇಡಿ.